ಹಾವಿನ ಮಾಸ್ತರರು ತೀರಿಹೋದ ಮೇಲೆ: ಕೋಲು ಹಿಡಿದ ಹುಡುಗನ ಪ್ರಕರಣ

ಕಲಬುರಗಿ ಜಿಲ್ಲೆಯ ಹಳ್ಳಿಯೊಂದರ ಹುಡುಗ, 13 ವರ್ಷ, ಎಂಟನೇ ತರಗತಿ. ಗುರುತು ಸಿಗದಂತೆ ಕೆಲವು ವಿವರಗಳನ್ನು ಬದಲಿಸಲಾಗಿದೆ. ಶಾಲೆಗಳಿಗೆ ಬಂದು ಹಾವುಗಳ ಬಗ್ಗೆ ಪಾಠ ಹೇಳುತ್ತಿದ್ದ ಉರಗರಕ್ಷಕರೊಬ್ಬರು ನಾಗರಹಾವು ಕಚ್ಚಿ ತೀರಿಕೊಂಡಿದ್ದರು. ಮಕ್ಕಳಿಗೆ ಅವರು ‘ಹಾವಿನ ಮಾಸ್ತರ್’. ಸುದ್ದಿ ಬಂದ ಮರುದಿನವೇ ಊರಿನ ಹುಡುಗರು ನೆಲಕ್ಕೆ ಹಾಸುವ ಫರಸಿ ಕಲ್ಲಿನ ರಾಶಿ ಕೆದಕಿ ಸಿಕ್ಕ ಹಾವುಗಳನ್ನೆಲ್ಲ ಬಡಿದರು. ಸತ್ತವು ವಿಷವಿಲ್ಲದ ಕೇರೆಹಾವುಗಳು. ಈ ಹುಡುಗನ ಕೈಯಲ್ಲೂ ಕೋಲಿತ್ತು.

ಅಪ್ಪ ನನ್ನ ಬಳಿಗೆ ಆಪ್ತಸಮಾಲೋಚನೆಗೆ ಕರೆತಂದಾಗ ಅವನಿಗೆ ನಿದ್ದೆ ಇರಲಿಲ್ಲ, ಶಾಲೆಗೆ ಹೋಗುತ್ತಿರಲಿಲ್ಲ. ಕಚ್ಚಿದ ಕ್ಷಣದ ವಿಡಿಯೊ ವಾಟ್ಸಾಪ್‌ನಲ್ಲಿ ಹರಿದಾಡುತ್ತಿತ್ತು. ರಾತ್ರಿ ಹೊದಿಕೆಯೊಳಗೆ ಅದನ್ನೇ ಮತ್ತೆ ಮತ್ತೆ ನೋಡುತ್ತಿದ್ದ. ‘ನಾಗಪ್ಪನ ಶಾಪ ತಟ್ಟತದ’ ಎಂದು ಅಜ್ಜಿ ಅಂದದ್ದು ಬೇರೆ ತಲೆಯಲ್ಲಿ ಕುಳಿತಿತ್ತು.

ಮೊದಲ ಭೇಟಿಯಲ್ಲಿ ವಿಡಿಯೊ ವರ್ಣಿಸಲು ಹೇಳಲಿಲ್ಲ. ಆ ಹಂತದಲ್ಲಿ ವರ್ಣಿಸಿದರೆ ಮನಸ್ಸಿನೊಳಗಿನ ಚಿತ್ರ ಮತ್ತಷ್ಟು ಗಟ್ಟಿಯಾಗಬಹುದು. ಊಟ, ನಿದ್ದೆ, ಸಾಯಬೇಕೆಂಬ ಯೋಚನೆ ಇವುಗಳನ್ನು ನೇರವಾಗಿ ಕೇಳಲಾಯಿತು. ಸಾಯುವ ಮಾತು ಕೇಳಿದರೆ ಮಗುವಿನ ತಲೆಗೆ ಆ ವಿಚಾರ ಬರುತ್ತದೆ ಎಂಬ ಭಯ ಪಾಲಕರಲ್ಲಿದೆ, ಹಾಗಾಗುವುದಿಲ್ಲ. ಅವನಲ್ಲಿ ಅಂಥ ಯೋಚನೆ ಇರಲಿಲ್ಲ. ಮಾಸ್ತರರ ಬಗ್ಗೆ ಹೇಳು ಅಂದಾಗ ಬಹಳ ಹೊತ್ತು ಸುಮ್ಮನಿದ್ದು, ‘ಬರಿಗೈಲೆ ಮುಟ್ಟಬ್ಯಾಡ್ರಿ ಅಂತ ನಮಗ ಹೇಳ್ತಿದ್ರು ಮೇಡಂ. ತಾವ್ಯಾಕ ಮುಟ್ಟಿದ್ರು?’ ಅಂದ.

ಪ್ರಕರಣದ ಗಂಟು ಇಲ್ಲಿತ್ತು. ಹಾವಿನ ಮೇಲಿನದೆಂದು ಎಲ್ಲರೂ ತಿಳಿದಿದ್ದ ಸಿಟ್ಟು ಬಹುಪಾಲು ಮಾಸ್ತರರ ಮೇಲಿನದು. ಸತ್ತವರ ಮೇಲೆ ಸಿಟ್ಟಾಗುವುದು ತಪ್ಪೆಂದು ನಂಬಿದ್ದಕ್ಕೆ ಅದು ಕೋಲಿಗೆ ಇಳಿಯಿತು.

ಇದು ನಮ್ಮೂರಿನಲ್ಲಿ ಮಾತ್ರ ಆದದ್ದಲ್ಲ ಎಂದು ತಿಳಿಸಲು ಅವನಿಗೆ ಸ್ಟೀವ್ ಇರ್ವಿನ್ ಸಾವಿನ ಸಂಗತಿ ಹೇಳಲಾಯಿತು. ಆಸ್ಟ್ರೇಲಿಯಾದ ಈ ವನ್ಯಜೀವಿ ಶಿಕ್ಷಕ 2006ರ ಸೆಪ್ಟೆಂಬರ್ 4ರಂದು ಕ್ವೀನ್ಸ್‌ಲ್ಯಾಂಡ್‌ನ ಬ್ಯಾಟ್ ರೀಫ್‌ನಲ್ಲಿ ತೊರಕೆ ಮೀನಿನ (ಸ್ಟಿಂಗ್‌ರೇ) ಬಾಲದ ಮುಳ್ಳು ಎದೆಗೆ ಚುಚ್ಚಿ ತೀರಿಕೊಂಡಾಗ 44 ವರ್ಷ. ನಂತರದ ದಿನಗಳಲ್ಲಿ ಅಲ್ಲಿನ ಕಡಲತೀರಗಳಲ್ಲಿ ಕನಿಷ್ಠ 10 ತೊರಕೆಗಳು ಸತ್ತು ಬಿದ್ದಿದ್ದವು, ಕೆಲವದರ ಬಾಲ ಕತ್ತರಿಸಲಾಗಿತ್ತು. ಸ್ಟೀವ್ ಬಯಸುತ್ತಿದ್ದುದು ಇದಲ್ಲ ಎಂದು ಅವರ ಸಂಸ್ಥೆಯವರೇ ಬೇಡಿಕೊಳ್ಳಬೇಕಾಯಿತು. ಸಾವಿನ ದೃಶ್ಯ ಕ್ಯಾಮೆರಾದಲ್ಲಿ ಸೆರೆಯಾಗಿದ್ದರೂ ಅದನ್ನು ಪ್ರಸಾರ ಮಾಡಲಿಲ್ಲ. ಸೆಪ್ಟೆಂಬರ್ 20ರ ಶ್ರದ್ಧಾಂಜಲಿ ಸಭೆಯಲ್ಲಿ 8 ವರ್ಷದ ಮಗಳು ಬಿಂಡಿ ಅಪ್ಪನ ಬಗ್ಗೆ ಮಾತಾಡಿದಳು. ಹುಡುಗ ಎಲ್ಲಕ್ಕಿಂತ ಹೆಚ್ಚು ಕೇಳಿದ್ದು ಆ ವಿಡಿಯೊ ಬಗ್ಗೆ: ‘ಅವರ ಮನಿಯವರು ತೋರಸಲಿಲ್ಲೇನ್ರಿ?’ ಮನೆಗೆ ಹೋಗಿ ಮಾಸ್ತರರ ವಿಡಿಯೊವನ್ನು ತಾನೇ ಫೋನಿನಿಂದ ಅಳಿಸಿದ. ಗ್ಯಾಲರಿ, ಚಾಟ್ ಎರಡರಲ್ಲೂ ಅಳಿಸಬೇಕು, ವಾಟ್ಸಾಪ್‌ನ ಮೀಡಿಯಾ ಆಟೊ ಡೌನ್‌ಲೋಡ್ ನಿಲ್ಲಿಸಬೇಕು. ಇಲ್ಲವಾದರೆ ಮತ್ತೊಂದು ಗುಂಪಿನಿಂದ ಅದೇ ಬಂದು ಕೂರುತ್ತದೆ. ಈ ಕೆಲಸಕ್ಕೆ ಅಪ್ಪ ಜೊತೆ ಕುಳಿತರು.

ದೃಶ್ಯ ಕಣ್ಣಿಗೆ ಬಂದಾಗ ಎದ್ದು ಬರಿಗಾಲನ್ನು ತಣ್ಣನೆಯ ಫರಸಿಯ ಮೇಲೆ ಊರಿ ಕಾಣುವ 5 ವಸ್ತು, ಮುಟ್ಟಿ ತಿಳಿಯುವ 4, ಕೇಳುವ 3 ಶಬ್ದಗಳನ್ನು ಹೆಸರಿಸುವುದನ್ನು ಕಲಿಸಲಾಯಿತು. ಹಗಲು, ಮನಸ್ಸು ನೆಟ್ಟಗಿದ್ದಾಗಲೇ ಅಭ್ಯಾಸ ಮಾಡಿರಬೇಕು. ಗಾಬರಿಯಲ್ಲಿ ಮೊದಲ ಸಲ ಮಾಡಿದರೆ ಕೈಹಿಡಿಯದು.

ತಪ್ಪಿತಸ್ಥ ಭಾವನೆಗೆ ‘ಹೋಗ್ಲಿ ಬಿಡು’ ಅನ್ನಲಿಲ್ಲ. ಕೇರೆ ಸತ್ತದ್ದು ನಿಜ. ಕಾಗದದಲ್ಲಿ ಮೂರು ಸಾಲು ಬರೆಸಲಾಯಿತು: ಮಾಡಿದ್ದೇನು, ಆಗ ತಿಳಿಯದೆ ಇದ್ದದ್ದೇನು, ಈಗ ಕೈಲಾಗುವುದೇನು. ಅಜ್ಜಿಯನ್ನೂ ಕರೆಸಿ ಮಾತಾಡಿದೆವು. ಹುತ್ತಕ್ಕೆ ಪೂಜೆ ಮಾಡಿಸುವುದಾದರೆ ಮನೆಯವರೆಲ್ಲ ಕೂಡಿ ಮಾಡಲಿ, ಹುಡುಗನೊಬ್ಬನನ್ನೇ ಪಾಪಿಯೆಂದು ಮುಂದೆ ನಿಲ್ಲಿಸಬೇಡಿ ಎಂದಾಗ ಆಕೆ ಒಪ್ಪಿದರು.

ಮೂರನೇ ಸಾಲಿನಿಂದ ಶಾಲೆಯ ಗೋಡೆಗೆ ಒಂದು ಹಾಳೆ ಬಂತು. ಹಾವು ಕಂಡರೆ ದೂರ ನಿಂತು ಅರಣ್ಯ ಇಲಾಖೆಗೆ ತಿಳಿಸಿ. ಕಚ್ಚಿದರೆ ಕೈಕಾಲು ಅಲುಗಿಸಬೇಡಿ, ಬಿಗಿದು ಕಟ್ಟಬೇಡಿ, ಕೊಯ್ಯಬೇಡಿ, ಹೀರಬೇಡಿ, ನಾಟಿ ಮದ್ದಿಗೆ ಹೊತ್ತು ಕಳೆಯದೆ ಆಸ್ಪತ್ರೆಗೆ ಹೋಗಿ. ನಾಗರದ ವಿಷಕ್ಕೆ ಉಸಿರಾಟದ ಸ್ನಾಯುಗಳು ಸೋಲುತ್ತವೆ, ಪ್ರತಿವಿಷವೂ ಉಸಿರಾಟದ ಆಸರೆಯೂ ಬೇಗ ಸಿಗಬೇಕು. ಹುಡುಗ ಹಾವು ಹಿಡಿಯುವ ಕೊಕ್ಕೆ ಕೊಡಿಸಿ ಎಂದು ಕೇಳಿದ್ದ. ಅದಕ್ಕೆ ಮಾತ್ರ ಖಡಾಖಂಡಿತವಾಗಿ ಬೇಡವೆಂದೆವು, ಕಾರಣವನ್ನೂ ಹೇಳಿದೆವು: ನುರಿತವರೇ ಒಂದು ಸಲ ಮೈಮರೆತರೆ ಏನಾಗುತ್ತದೆಂದು ನೀನೇ ಕಂಡಿದ್ದೀಯ.

ಶಾಲೆಯವರಿಗೆ ಕೊಟ್ಟ ಸಲಹೆ: ಶ್ರದ್ಧಾಂಜಲಿ ಸಭೆಯಲ್ಲಿ ಮಕ್ಕಳನ್ನು ವೇದಿಕೆಗೆ ತಳ್ಳಿ ಅಳಿಸಬೇಡಿ, ಅಳುವ ಮಗುವಿನ ರೀಲ್ ಮಾಡಬೇಡಿ. ಮಾಸ್ತರರನ್ನು ದೇವರನ್ನಾಗಿಯೂ ಮಾಡಬೇಡಿ, ‘ಅತಿಯಾಗಿ ಆಡಿದ್ರು, ಸತ್ತರು’ ಎಂದೂ ಅನ್ನಬೇಡಿ; ಎರಡರಲ್ಲೂ ಮಗುವಿನ ಪ್ರಶ್ನೆಗೆ ಜಾಗವಿಲ್ಲ. ಚೆನ್ನಾಗಿ ಕಲಿಸಿದರು, ಆ ದಿನ ತಾವೇ ಹೇಳಿದ ನಿಯಮ ತಪ್ಪಿದರು, ಎರಡೂ ನಿಜವೆಂದು ಹೇಳಿ.

ಹುಡುಗ ಈಗ ಶಾಲೆಗೆ ಹೋಗುತ್ತಿದ್ದಾನೆ, ನಿದ್ದೆ ಬಹುಮಟ್ಟಿಗೆ ಮರಳಿದೆ. ನಾಗರಪಂಚಮಿಯ ಹೊತ್ತಿಗೆ ಕೆಟ್ಟ ಕನಸು ತಿರುಗಿ ಬರಬಹುದೆಂದು ಪಾಲಕರಿಗೆ ಮೊದಲೇ ತಿಳಿಸಿದೆ. ತಿಂಗಳು ಮೀರಿ ಅದು ನಿಲ್ಲದಿದ್ದರೆ, ಊಟ ಬಿಟ್ಟರೆ ಜಿಲ್ಲಾ ಆಸ್ಪತ್ರೆಯ ಮನೋವೈದ್ಯರಲ್ಲಿಗೆ ಕರೆದೊಯ್ಯಬೇಕು. ಸಾಯುವ ಮಾತಾಡಿದರೆ ಒಂದು ದಿನವೂ ಕಾಯಬಾರದು. ರಾತ್ರಿ ಯಾರೂ ಸಿಗದಿದ್ದರೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ 14416ಕ್ಕೆ ಕರೆ ಮಾಡಿ, ಕನ್ನಡದಲ್ಲೇ ಮಾತಾಡಬಹುದು.