ಪಾಪುವಿಗೆ ಪೌಡರ್ ಬೇಕಾ?

ಪ್ರಶ್ನೆ: ಮಗುವಿಗೆ 3 ತಿಂಗಳು. ಕತ್ತಿನ ಮಡಿಕೆಯಲ್ಲಿ ಕೆಂಪಗಾಗಿದೆ. ಸ್ನಾನ ಆದ ಮೇಲೆ ಪೌಡರ್ ಹಾಕಲೇಬೇಕು ಅಂತಾರೆ ಅತ್ತೆ. ಯಾವುದು ಒಳ್ಳೇದು?
– ಒಬ್ಬ ತಾಯಿ, ದಾವಣಗೆರೆ

ಉತ್ತರ: ಯಾವ ಪೌಡರೂ ಬೇಡಮ್ಮಾ. ಡಬ್ಬಿ ಅಲ್ಲಾಡಿಸಿದಾಗ ಏಳುವ ಪುಡಿ ಮಗುವಿನ ಉಸಿರಿನ ಜೊತೆ ಒಳಗೆ ಹೋಗುತ್ತದೆ. ಕತ್ತಿನಲ್ಲಿ ಅದೇ ಪುಡಿ ಬೆವರು, ಹಾಲಿನ ಜೊತೆ ಸೇರಿ ಮುದ್ದೆಯಾಗಿ ಚರ್ಮವನ್ನು ಉಜ್ಜುತ್ತದೆ. ಗದ್ದ ಮೆಲ್ಲಗೆ ಎತ್ತಿ, ಒದ್ದೆ ಬಟ್ಟೆಯಿಂದ ಒರೆಸಿ, ಹಳೇ ಪಂಚೆ ತುಂಡಿನಿಂದ ಒತ್ತಿ ಒಣಗಿಸಿ. ತಿಕ್ಕಬೇಡಿ. ಕಡಲೆಹಿಟ್ಟೂ ಬೇಡ.

ಸೋಪು, ಕ್ರೀಮು ಕೊಳ್ಳುವಾಗ ಮುಂದಿರುವ ಮುದ್ದು ಫೋಟೊ ಬಿಟ್ಟು ಹಿಂದಿನ ಸಣ್ಣ ಅಕ್ಷರ ಓದಿ. ‘ಫ್ರೇಗ್ರೆನ್ಸ್’, ‘ಪರ್ಫ್ಯೂಮ್’ (ಅಂದರೆ ಪರಿಮಳ ಬೆರೆಸಿದ್ದಾರೆ) ಅಂತಿದ್ದರೆ ವಾಪಸ್ ಇಡಿ. ಅತ್ತೆಯವರಿಗೆ ಬೇಸರ ಆಗಬಾರದು, ಅಲ್ವಾ? ಎಣ್ಣೆ ಹಚ್ಚುವುದನ್ನು ಅವರಿಗೇ ಬಿಡಿ. ಕೊಬ್ಬರಿ ಎಣ್ಣೆ ಸಾಕು, ಕೆಂಪಾದ ಜಾಗ ಬಿಟ್ಟು. 2–3 ದಿನದಲ್ಲಿ ಕಡಿಮೆಯಾಗದಿದ್ದರೆ, ಇಲ್ಲವೇ ನೀರು ಸೋರಿದರೆ, ಮಕ್ಕಳ ಡಾಕ್ಟರಿಗೆ ತೋರಿಸಿ.