ಎರಡು ಸಲ ಲಸಿಕೆ ಹಾಕಿಸಿದ್ದರೂ ನಾಯಿಮರಿಗೆ ಪಾರ್ವೋ ಬಂದಿದ್ದು ಹೇಗೆ?

ಮೂರು ತಿಂಗಳ ಮರಿಗೆ ಎರಡು ಸಲ ಲಸಿಕೆ ಆಗಿದೆ, ಆದರೂ ಟೆಸ್ಟ್‌ನಲ್ಲಿ ಪಾರ್ವೋ (ನಾಯಿಗಳ ಕರುಳಿಗೆ ಹತ್ತುವ ವೈರಸ್ ರೋಗ) ಬಂದಿದೆ, ಈಗ ಡ್ರಿಪ್ ಹಾಕಿದ್ದಾರೆ ಅಂತ ಬರೆದಿದ್ದೀರಿ. ಲಸಿಕೆ ನಕಲಿ ಇತ್ತಾ, ಮನೆಯಲ್ಲಿರುವ ನಾಲ್ಕು ವರ್ಷದ ನಾಯಿಗೂ ಬರುತ್ತಾ ಅನ್ನೋದು ನಿಮ್ಮ ಪ್ರಶ್ನೆ.

ನಾನು ಡಾಕ್ಟರ್ ಅಲ್ಲ. ತಬ್ಬಲಿ ಮರಿಗಳನ್ನು ಸ್ವಲ್ಪ ದೊಡ್ಡದು ಮಾಡಿ ಸಾಕುವವರಿಗೆ ಕೊಡುತ್ತೇನೆ, ಹಾಗಾಗಿ ಪಾರ್ವೋ ಬೇಕಾದಷ್ಟು ನೋಡಿದ್ದೇನೆ. ನಕಲಿ ಅನ್ನೋ ಅನುಮಾನ ಸದ್ಯಕ್ಕೆ ಪಕ್ಕಕ್ಕಿಡಿ. ಅಸಲಿ ಲಸಿಕೆ ಹಾಕಿಸಿದ ಮರಿಗೂ ಈ ವಯಸ್ಸಿನಲ್ಲಿ ಪಾರ್ವೋ ಬರಬಹುದು.

ಕಾರಣ ಇರುವುದು ತಾಯಿ ಹಾಲಿನಲ್ಲಿ. ಹುಟ್ಟಿದ ದಿನ ಕುಡಿಯುವ ಗಿಣ್ಣು ಹಾಲಿನಿಂದ ಮರಿಗೆ ತಾಯಿಯ ಆಂಟಿಬಾಡಿಗಳು ಸಿಗುತ್ತವೆ. ಅವು ರೋಗದ ವೈರಸ್ಸನ್ನು ತಡೆಯುತ್ತವೆ. ಲಸಿಕೆಯಲ್ಲಿರುವ, ಬಲ ಕುಂದಿಸಿದ ವೈರಸ್ಸನ್ನೂ ಬಿಡುವುದಿಲ್ಲ. ವಾರ ಕಳೆದಂತೆ ಅವು ಕಡಿಮೆಯಾಗುತ್ತಾ ಹೋಗುತ್ತವೆ. ನಡುವೆ ಒಂದು ಕೆಟ್ಟ ಹೊತ್ತು ಬರುತ್ತದೆ: ಇರುವ ಆಂಟಿಬಾಡಿ ರೋಗ ತಡೆಯಲು ಸಾಲದು, ಲಸಿಕೆಯನ್ನು ವ್ಯರ್ಥ ಮಾಡಲು ಮಾತ್ರ ಸಾಕು. ಇದು ಯಾವ ವಾರ ಅಂತ ಹೇಳಲು ಆಗುವುದಿಲ್ಲ. ಒಂದೇ ಸೂಲಿನ ಮರಿಗಳಲ್ಲೂ ಬೇರೆ ಬೇರೆ.

ಅದಕ್ಕೇ 6ರಿಂದ 8 ವಾರಕ್ಕೆ ಶುರು ಮಾಡಿ, 2ರಿಂದ 4 ವಾರಕ್ಕೊಮ್ಮೆ, 16 ವಾರ ತುಂಬುವವರೆಗೂ ಹಾಕಿಸಬೇಕು. ಮೂರು ಡೋಸ್ ಅಂದರೆ ಮೂರು ಪಟ್ಟು ಶಕ್ತಿ ಅಂತಲ್ಲ, ಅದರಲ್ಲಿ ಒಂದಾದರೂ ನಾಟಲಿ ಅಂತ. ಎಲ್ಲಕ್ಕಿಂತ ಮುಖ್ಯವಾದ ಆ ಕೊನೆಯದು ನಿಮ್ಮ ಮರಿಗೆ ಬಾಕಿ ಇತ್ತು. ‘ಎರಡು ಆಯ್ತಲ್ಲ, ಇನ್ನು ಎಲ್ಲಿಗೆ ಬೇಕಾದರೂ ಕರ್ಕೊಂಡು ಹೋಗಿ’ ಅಂತ ಸುಮ್ನೆ ಹೇಳಿಬಿಡುವವರನ್ನು ಕಂಡರೆ ನನಗೆ ಸಿಟ್ಟು ಬರುತ್ತದೆ.

ಈ ವೈರಸ್ ಬೇಗ ಬೇಗ ಬೆಳೆಯುವ ಜೀವಕೋಶಗಳನ್ನೇ ಹಿಡಿಯುತ್ತದೆ. ಹಾಗಾಗಿ ಕರುಳಿನ ಒಳಪದರವೂ ಹೋಗುತ್ತದೆ, ಮೂಳೆಮಜ್ಜೆಯೂ ಸೊರಗಿ ಬಿಳಿ ರಕ್ತಕಣ ಇಳಿಯುತ್ತದೆ. ಡ್ರಿಪ್, ವಾಂತಿ ನಿಲ್ಲುವ ಇಂಜೆಕ್ಷನ್, ಕರುಳಿನ ಬ್ಯಾಕ್ಟೀರಿಯಾ ರಕ್ತಕ್ಕೆ ಸೇರದಂತೆ ಆಂಟಿಬಯೋಟಿಕ್, ಇಷ್ಟರಲ್ಲೇ ಬಹಳಷ್ಟು ಮರಿಗಳು ಉಳಿಯುತ್ತವೆ. ಮೊದಲ ಮೂರು ನಾಲ್ಕು ದಿನ ಕಷ್ಟ. ಬಿಳಿ ರಕ್ತಕಣ ಮೇಲೇರಲು ಶುರುವಾಯಿತಾ ಅಂತ ಡಾಕ್ಟರನ್ನು ಕೇಳುತ್ತಿರಿ. ಮರಿ ನೀರಿನ ಬಟ್ಟಲಿನ ಮೇಲೆ ತಲೆ ಬಗ್ಗಿಸಿ ನಿಂತೇ ಇರುತ್ತದೆ, ಒಂದು ಗುಟುಕೂ ಕುಡಿಯುವುದಿಲ್ಲ. ಅದು ಹೊಟ್ಟೆ ತೊಳಸುತ್ತಿರುವ ಲಕ್ಷಣ, ಬಲವಂತವಾಗಿ ಬಾಯಿಗೆ ಸುರಿಯಬೇಡಿ. ಹಾಗಂತ ವಾಂತಿ ಪೂರ್ತಿ ನಿಲ್ಲುವವರೆಗೆ ಉಪವಾಸ ಕೆಡವುವುದು ಹಳೇ ಪದ್ಧತಿ. ಡಾಕ್ಟರು ಟ್ಯೂಬ್ ಹಾಕಿ ಸ್ವಲ್ಪ ಸ್ವಲ್ಪ ಆಹಾರ ಕೊಡೋಣ ಅಂದರೆ ಬೇಡ ಅನ್ನಬೇಡಿ, ಕರುಳು ಬೇಗ ಚೇತರಿಸಿಕೊಳ್ಳುತ್ತದೆ.

ದೊಡ್ಡ ನಾಯಿಗೆ ಮರಿಯಾಗಿದ್ದಾಗ ಎಲ್ಲಾ ಡೋಸ್ ಆಗಿ, ಬೂಸ್ಟರ್ ಕೂಡ ಆಗಿದ್ದರೆ ಭಯ ತೀರಾ ಕಡಿಮೆ. ಕಾರ್ಡ್ ತೆಗೆದು ನೋಡಿ, ಬಾಕಿ ಇದ್ದರೆ ಇವತ್ತೇ ಡಾಕ್ಟರಿಗೆ ತೋರಿಸಿ. ನಿಮಗೆ ಇದು ಅಂಟುವುದಿಲ್ಲ. ಆದರೆ ನಿಮ್ಮ ಚಪ್ಪಲಿ, ಬಟ್ಟೆ, ಕೈ ಮೂಲಕ ಇನ್ನೊಂದು ಮರಿಗೆ ದಾಟುತ್ತದೆ.

ಮನೆ ತೊಳೆಯುವಾಗ ಫಿನಾಯಿಲ್, ಹ್ಯಾಂಡ್ ಸ್ಯಾನಿಟೈಸರ್ ನೆಚ್ಚಿಕೊಳ್ಳಬೇಡಿ. ಈ ವೈರಸ್ಸಿಗೆ ಕೊಬ್ಬಿನ ಹೊದಿಕೆ ಇಲ್ಲ, ಹಾಗಾಗಿ ಅವುಗಳಿಗೆ ಬಗ್ಗುವುದಿಲ್ಲ. ಮೊದಲು ಸೋಪು ನೀರಿನಲ್ಲಿ ಮಲ, ವಾಂತಿ ಪೂರ್ತಿ ತೆಗೆಯಿರಿ. ಆಮೇಲೆ 1 ಪಾಲು ಬ್ಲೀಚ್‌ಗೆ 30 ಪಾಲು ನೀರು ಬೆರೆಸಿ ಹಾಕಿ, 10 ನಿಮಿಷ ಒದ್ದೆಯಾಗೇ ಬಿಡಿ. ಕೊಳೆಯ ಮೇಲೆ ಬ್ಲೀಚ್ ಸುರಿದರೆ ದಂಡ. ಆಸಿಡ್ ಜೊತೆ ಮಾತ್ರ ಬೆರೆಸಲೇಬೇಡಿ, ವಿಷದ ಗಾಳಿ ಏಳುತ್ತದೆ. ಅಂಗಳದ ಮಣ್ಣಿನಲ್ಲಿ ವೈರಸ್ ತಿಂಗಳುಗಟ್ಟಲೆ ಉಳಿಯಬಹುದು, ಅಲ್ಲಿ ಬ್ಲೀಚ್ ಕೆಲಸ ಮಾಡುವುದಿಲ್ಲ. ಲಸಿಕೆ ಪೂರ್ತಿಯಾಗದ ಮರಿಯನ್ನು ಅಲ್ಲಿ ಬಿಡದೇ ಇರುವುದೊಂದೇ ದಾರಿ.

ಮರಿ ಹುಷಾರಾಗಿ ಮನೆಗೆ ಬಂದ ಮೇಲೂ ಎರಡು ವಾರ ಬೇರೆ ಮರಿಗಳ ಹತ್ತಿರ ಬಿಡಬೇಡಿ, ಮಲದಲ್ಲಿ ವೈರಸ್ ಹೋಗುತ್ತಿರಬಹುದು. ಪಾರ್ವೋ ಗೆದ್ದಿದೆ ಅಂತ ಉಳಿದ ಲಸಿಕೆ ಬಿಡಬೇಡಿ. ನಾಯಿಗಳ ಇನ್ನೊಂದು ವೈರಸ್ ರೋಗವಾದ ಡಿಸ್ಟೆಂಪರ್ ತಡೆಯುವ ಡೋಸ್ ಕೂಡ ಅದರಲ್ಲೇ ಇದೆ. ಯಾವಾಗ ಹಾಕಿಸಬೇಕು ಅಂತ ಡಿಸ್ಚಾರ್ಜ್ ದಿನವೇ ಕೇಳಿ ಬರೆಸಿಕೊಳ್ಳಿ.