ಧರ್ಮಗ್ರಂಥ, ಓದು, ನಂಬಿಕೆ: ಒಂದು ಲೇಖನಕ್ಕೆ ಸಂಪಾದಕರ ಉತ್ತರ

ಮಾನ್ಯರೇ,

‘ಧರ್ಮಗ್ರಂಥ ಮತ್ತು ಶ್ರದ್ಧೆ’ ಲೇಖನ ತಲುಪಿತು. ಈಗಿರುವ ರೂಪದಲ್ಲಿ ಅದನ್ನು ಪ್ರಕಟಿಸಲಾರೆವು. ಗ್ರಂಥವನ್ನು ಆಳವಾಗಿ ಓದಿದವರ ನಂಬಿಕೆ ಗಟ್ಟಿಯಾಗುತ್ತದೆ, ಅರೆಬರೆ ಓದಿದವರದು ಸಡಿಲವಾಗುತ್ತದೆ ಎಂಬ ಒಂದೇ ಮಾತನ್ನು ನೀವು ಪುಟಪುಟದಲ್ಲೂ ಹೇಳಿದ್ದೀರಿ. ನಂಬಿಕೆ ಉಳಿದರೆ ಓದು ಸರಿಯಿತ್ತು, ಹೋದರೆ ಓದಿನಲ್ಲೇ ದೋಷವಿತ್ತು ಎನ್ನುವ ಈ ವಾದವನ್ನು ಯಾರೂ ಸೋಲಿಸಲಾರರು. ಅದರ ದೌರ್ಬಲ್ಯವಿರುವುದೂ ಅಲ್ಲಿಯೇ.

ಪಂಡಿತಾ ರಮಾಬಾಯಿಯವರನ್ನು ನಿಮ್ಮ ಲೆಕ್ಕದಲ್ಲಿ ಎಲ್ಲಿ ಕೂರಿಸುತ್ತೀರಿ? 1858ರಲ್ಲಿ ನಮ್ಮದೇ ಘಟ್ಟದ ಕಾಡಿನಲ್ಲಿ, ಗಂಗಾಮೂಲದಲ್ಲಿ ಹುಟ್ಟಿ, ತಾಯಿಯಿಂದ ಸಂಸ್ಕೃತ ಕಲಿತು, ತೀರ್ಥಕ್ಷೇತ್ರಗಳಲ್ಲಿ ಪುರಾಣ ಹೇಳುತ್ತ ಬೆಳೆದ ಅವರಿಗೆ ಕಲ್ಕತ್ತೆಯ ವಿದ್ವಾಂಸರು 1878ರಲ್ಲಿ ‘ಪಂಡಿತಾ’, ‘ಸರಸ್ವತಿ’ ಎಂಬ ಬಿರುದುಗಳನ್ನಿತ್ತರು. ಆ ಬಳಿಕ ಧರ್ಮಶಾಸ್ತ್ರಗಳನ್ನು ಓದಿದ ಅವರು, ಉಳಿದ ವಿಷಯಗಳಲ್ಲಿ ಒಂದಕ್ಕೊಂದು ಹೊಂದದ ಆ ಗ್ರಂಥಗಳು ಹೆಂಗಸರನ್ನೂ ಶೂದ್ರರನ್ನೂ ಕೀಳಾಗಿ ಕಾಣುವಲ್ಲಿ ಮಾತ್ರ ಒಮ್ಮತ ಹೊಂದಿವೆ ಎಂಬ ತೀರ್ಮಾನಕ್ಕೆ ಬಂದರು. 1883ರಲ್ಲಿ ಇಂಗ್ಲೆಂಡಿನಲ್ಲಿ ದೀಕ್ಷಾಸ್ನಾನ ಪಡೆದು ಕ್ರೈಸ್ತರಾದರು. ಇದನ್ನು ಅರೆಬರೆ ಓದು ಎನ್ನಲಾದೀತೇ? ಗ್ರಂಥದ ಹಂಬಲವಾದರೂ ಅವರನ್ನು ಬಿಡಲಿಲ್ಲ. ಕೊನೆಯ ವರ್ಷಗಳನ್ನು ಪುಣೆಯ ಬಳಿಯ ಕೇಡಗಾಂವಿನಲ್ಲಿ ಬೈಬಲನ್ನು ಮರಾಠಿಗೆ ತರುವುದರಲ್ಲಿ ಕಳೆದರು.

ಅದೇ ಪುಣೆಯ ಟಿಳಕರು ಮಂಡಾಲೆಯ ಸೆರೆಮನೆಯಲ್ಲಿ ಗೀತೆಯನ್ನಿಟ್ಟುಕೊಂಡು ಕೂತು, ಸಂನ್ಯಾಸವೇ ಅದರ ಸಾರವೆಂದ ಹಿಂದಿನ ಭಾಷ್ಯಕಾರರನ್ನು ಒಪ್ಪದೆ, ಕರ್ಮಯೋಗವೇ ಅದರ ತಿರುಳೆಂದು ಬರೆದರು; ಆ ‘ಗೀತಾರಹಸ್ಯ’ 1915ರಲ್ಲಿ ಅಚ್ಚಾಯಿತು. ಪ್ರಶ್ನೆ ಮಾಡುವುದರಲ್ಲಿ ಅವರೇನೂ ರಮಾಬಾಯಿಯವರಿಗಿಂತ ಹಿಂದಿರಲಿಲ್ಲ, ಆದರೂ ಅವರ ಶ್ರದ್ಧೆ ಗಟ್ಟಿಯಾಯಿತು. ನನಗೆ ತೋರುವ ವ್ಯತ್ಯಾಸ ಇದು: ಟಿಳಕರು ಅರ್ಜುನನ ಜಾಗದಲ್ಲಿ ನಿಂತು ಓದಬಹುದಿತ್ತು, ಗ್ರಂಥ ಅವರೊಡನೆ ಮಾತನಾಡುತ್ತಿತ್ತು. ರಮಾಬಾಯಿಯವರು ತೆರೆದ ಪುಟಗಳು ಅವರಂಥವರ ಬಗ್ಗೆ, ಬೇರೆ ಯಾರಿಗೋ ಹೇಳುತ್ತಿದ್ದವು.

ಈಗ ನಿಮ್ಮ ನಾಲ್ಕನೆಯ ಪುಟಕ್ಕೆ ಬರುತ್ತೇನೆ. ತಂದೆ ತೀರಿಕೊಂಡ ಮೇಲೂ ತಾಯಿಯವರು ಡೊಂಬಿವಲಿಯ ಮನೆಯಲ್ಲಿ ದತ್ತ ಸಂಪ್ರದಾಯದ ಮರಾಠಿ ಗ್ರಂಥವಾದ ಗುರುಚರಿತ್ರೆಯ ಸಪ್ತಾಹವನ್ನು, ಅಂದರೆ ಏಳು ದಿನಗಳ ಪಾರಾಯಣವನ್ನು, ಬಿಡಲಿಲ್ಲ, ವಿಧವೆಯರ ಆಚಾರ ಹೇಳುವ ಅಧ್ಯಾಯ ಬಂದಾಗ ಅವರ ದನಿ ಇಳಿಯುತ್ತಿತ್ತು, ಒಂದು ಸಾಲನ್ನೂ ಹಾರಿಸುತ್ತಿರಲಿಲ್ಲ ಎಂದು ಬರೆದಿದ್ದೀರಿ. ಇಡೀ ಲೇಖನದಲ್ಲಿ ಜೀವವಿರುವುದು ಇಲ್ಲಿ. ನಾನು ಮೇಲೆ ಹೇಳಿದ ವ್ಯತ್ಯಾಸವನ್ನೂ ಇದು ಬುಡಮೇಲು ಮಾಡುತ್ತದೆ: ಆ ಪುಟ ಅವರ ಬಗ್ಗೆಯೇ ಮಾತನಾಡುತ್ತಿದೆ, ಅವರಾದರೋ ಓದುತ್ತಲೇ ಇದ್ದಾರೆ. ಹೆಂಗಸರು ಗುರುಚರಿತ್ರೆ ಓದಬಾರದೆನ್ನುವವರು ಇಂದಿಗೂ ಇರುವಾಗ ಅವರು ಅದನ್ನು ಕೈಗೆತ್ತಿಕೊಂಡದ್ದಾದರೂ ಹೇಗೆ? ಆ ಅಧ್ಯಾಯವನ್ನು ಒಪ್ಪಿ ಓದಿದರೇ, ಸಹಿಸಿ ಓದಿದರೇ, ಅಥವಾ ಪಾರಾಯಣದ ಓಘದಲ್ಲಿ ಅರ್ಥವನ್ನು ಬದಿಗಿಟ್ಟರೇ? ಪಾರಾಯಣದಲ್ಲಿ ಪುಟ ಕಣ್ಣಿಗಿಂತ ನಾಲಿಗೆಗೆ ಸೇರಿದ್ದು; ಅರ್ಥಸಹಿತ ಓದಿಗೆ ಅಲುಗುವ ನಂಬಿಕೆ ಅಲ್ಲಿ ಅಲುಗದಿರಬಹುದು. ಪಕ್ಕದಲ್ಲಿ ಕೂತು ಕೇಳಿದ ನಿಮ್ಮ ನಂಬಿಕೆ ಏನಾಯಿತೆಂಬುದನ್ನೂ ನೀವು ಹೇಳಿಲ್ಲ. ಎರಡು ವಾಕ್ಯ ಬರೆದು, ಮುಂದಿನ ಸಾಲಿನಲ್ಲೇ ಪಾಶ್ಚಾತ್ಯ ವಿದ್ವಾಂಸರ ಪ್ರಶಂಸೆಯತ್ತ ಹೊರಳಿದಿರಿ.

ಆ ಪ್ರಶಂಸೆಗಳನ್ನೆಲ್ಲ ತೆಗೆದುಹಾಕಿ. ಮೂಲ ತಿಳಿಸದ ಉದ್ಧರಣೆಗಳನ್ನು ನಾವು ಅಚ್ಚು ಹಾಕುವುದಿಲ್ಲ. ‘ಅನಾದಿ’, ‘ಪರಮ ಪವಿತ್ರ’ ಮುಂತಾದ ವಿಶೇಷಣಗಳೂ ಬೇಡ. ನಾಲ್ಕನೆಯ ಪುಟದಿಂದಲೇ ಆರಂಭಿಸಿ, ಆ ಅಧ್ಯಾಯವನ್ನು ಎದುರಿಗಿಟ್ಟುಕೊಂಡು ಮರಳಿ ಬರೆಯಿರಿ. ತಾಯಿಯವರನ್ನು ಕೇಳಿ ತಿಳಿದು ಬರೆಯಿರಿ, ಅವರು ಹೇಳಲೊಲ್ಲದಿದ್ದರೆ ಅದನ್ನೂ ಬರೆಯಿರಿ. ಅಚ್ಚಿಗೆ ಕೊಡುವ ಮೊದಲು ಅವರ ಒಪ್ಪಿಗೆ ನಮಗೆ ಬೇಕು.

ಇತಿ,
ಸಂಪಾದಕ
ಮುಂಬಯಿ